ಮನೆಗೊಂದು ನಿಘಂಟು ಸರ್ವರ್

“ಇನ್ನು ಮೇಲೆ ಒಂದೇ ಒಂದು ಪದದ ಅರ್ಥಕ್ಕೂ ಈ ಮನೋಹರ ಯಾರ ಮನೆ ಬಾಗಿಲೂ ತಟ್ಟೋದಿಲ್ಲ!”

ಈ ಭೀಷ್ಮ ಪ್ರತಿಜ್ಞೆ ನಡೆದದ್ದು ಮಾಗಡಿಯ ಒಂದು ಪುಟ್ಟ ಮನೆಯ ತಾರಸಿಯ ಮೇಲೆ, ಭಾನುವಾರ ಬೆಳಗಿನ ಏಳು ಗಂಟೆಗೆ. ಸಾಕ್ಷಿಗಳು ಮೂವರು: ಪಕ್ಕದ ಮನೆಯ ತೆಂಗಿನಮರ, ತಂತಿಯ ಮೇಲೆ ನೀರು ಸೋರಿಸುತ್ತಿದ್ದ ಒಂದು ಲುಂಗಿ, ಮತ್ತು ಆ ಲುಂಗಿಯನ್ನು ಈಗಷ್ಟೇ ಹಿಂಡಿ ಹರವಿದ್ದ ಹೆಂಡತಿ ಭಾನುಪ್ರಿಯ. ದೂರದಲ್ಲಿ ಸಾವನದುರ್ಗ ಮಂಜನ್ನು ಕುತ್ತಿಗೆಯವರೆಗೂ ಹೊದ್ದು ಇನ್ನೂ ಮಲಗಿತ್ತು.

“ಯಾರ ಮನೆ ಬಾಗಿಲು ತಟ್ಟೋಕೆ ಹೋಗಿದ್ರಿ?” ಎಂದಳು ಭಾನುಪ್ರಿಯ, ಬಕೆಟ್ಟಿನಿಂದ ತಲೆಯೆತ್ತದೆ.

“ಇಂಟರ್ನೆಟ್ಟಿನ ಬಾಗಿಲು ಕಣೇ! ಒಂದು ಪದ ಕೇಳಿದ್ರೆ ಮುಕ್ಕಾಲು ಗಂಟೆ ಚಕ್ರ ತಿರುಗಿಸ್ತು. ಅಷ್ಟೊತ್ತಿಗೆ ಆ ತಾಜ್ ಪಾಷಾ ಪದಬಂಧ ಪೂರ್ತಿ ತುಂಬಿ ಫೋಟೋ ಕಳಿಸ್ಬಿಟ್ಟ!”

ವಿಷಯ ಇಷ್ಟೇ. ಮನೋಹರ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದ ಹೊತ್ತು, ಹೊರಟ ಹೊತ್ತು ಬರೆದುಕೊಂಡು ಮೈಕಿನಲ್ಲಿ ಕೂಗುವ ಕೆಲಸದಲ್ಲಿದ್ದ. ತಾಜ್ ಪಾಷಾ ಕನಕಪುರದ ಬಸ್ಸಿನ ಕಂಡಕ್ಟರ್. ಭಾನುವಾರದ ಪದಬಂಧವನ್ನು ಯಾರು ಮೊದಲು ತುಂಬುತ್ತಾರೆ ಎಂಬ ಪೈಪೋಟಿ ಇಬ್ಬರ ನಡುವೆ ಹನ್ನೊಂದು ವರ್ಷದಿಂದ ನಡೆದಿತ್ತು. ಮನೋಹರನಿಗೆ ಪದಗಳ ಹುಚ್ಚು. ಹುಚ್ಚು ಅನ್ನುವುದಕ್ಕಿಂತ ಜೊಂಪು ಎನ್ನಬೇಕು. ಎಚ್ಚರವಾಗಿದ್ದಾಗಲೇ ಕನಸು ಬೀಳುವ ಜಾತಿಯ ಮನುಷ್ಯ ಅವನು. ಒಂದು ಒಳ್ಳೆಯ ಪದ ಕಿವಿಗೆ ಬಿದ್ದರೆ ಸಾಕು, ಅದು ತಲೆಯೊಳಗೆ ಮಿಂಚುಹುಳದ ಹಾಗೆ ಮೆಲ್ಲಗೆ ಸುತ್ತತೊಡಗುತ್ತಿತ್ತು. ಕಣ್ಣುಗಳು ತೆರೆದೇ ಇರುತ್ತಿದ್ದವು. ಆದರೆ ಒಳಗೆ ಯಾರೂ ಇರುತ್ತಿರಲಿಲ್ಲ. ಒಮ್ಮೆ ಹೀಗೆ ಮೈಮರೆತು, “ಕನಕಾಂಬರಕ್ಕೆ ಹೋಗುವವರು ಎರಡನೇ ಅಂಕಣಕ್ಕೆ ಬನ್ನಿ” ಎಂದು ಮೈಕಿನಲ್ಲಿ ಕೂಗಿಬಿಟ್ಟಿದ್ದ. ಹೂವಿನ ಬುಟ್ಟಿ ಹೊತ್ತ ಮೂವರು ಹೆಂಗಸರು ನಿಜವಾಗಿಯೂ ಬಂದು ನಿಂತಿದ್ದರು!

ಪ್ರತಿಜ್ಞೆಗೆ ಬೀಜ ಬಿತ್ತಿದ್ದು ಹಿಂದಿನ ದಿನ ಫೋನಿನಲ್ಲಿ ಓದಿದ ಒಂದು ಲೇಖನ. ‘ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮದೇ ನಿಘಂಟು ಸರ್ವರ್ ಬೇಕೆ?’ ಎಂಬುದು ಅದರ ತಲೆಬರಹ. ಇಂಟರ್ನೆಟ್ ಇಲ್ಲದಿದ್ದರೂ ಅರ್ಥ ಸಿಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ, ನಿಮಗೆ ಬೇಕಾದ ನಿಘಂಟುಗಳನ್ನೆಲ್ಲ ಒಂದೇ ಕಡೆ ಪೇರಿಸಿಟ್ಟುಕೊಳ್ಳಬಹುದು ಎಂದು ಲೇಖಕ ಜೇನು ಸುರಿಸಿದ್ದ. ಅದರ ಮುಂದಿನ ಪ್ಯಾರಾ ‘ಆದರೆ’ ಎಂಬ ಪದದಿಂದ ಶುರುವಾಗುತ್ತಿತ್ತು. ಅಷ್ಟರಲ್ಲಿ ರಾಮನಗರದ ಬಸ್ಸು ಬಂತು. ಮನೋಹರ ಫೋನು ಜೇಬಿಗಿಟ್ಟ. ಆ ‘ಆದರೆ’ಯ ಆಚೆಗೆ ಅವನು ಹೋಗಲೇ ಇಲ್ಲ.

“ನಮ್ಮನೇಲೇ ಒಂದು ಸರ್ವರ್ ಇಡ್ತೀನಿ ಭಾನು. ನಿಘಂಟು ಸರ್ವರ್!”

ಭಾನುಪ್ರಿಯ ಈಗ ತಲೆಯೆತ್ತಿದಳು. “ಸರ್ವರ್ ಅಂದ್ರೆ ಡೌನ್ ಆಗೋದು ತಾನೇ? ರೇಷನ್ ತರೋಕೆ ಹೋದ್ರೆ ಸರ್ವರ್ ಡೌನ್, ಪಹಣಿ ತೆಗೆಸೋಕೆ ಹೋದ್ರೆ ಸರ್ವರ್ ಡೌನ್. ಊರಲ್ಲಿರೋದೆಲ್ಲ ಸಾಲ್ದು ಅಂತ ಮನೇಲೂ ಒಂದು ಡೌನ್ ಮಾಡ್ಕೋಬೇಕಾ?”

ಮನೋಹರನಿಗೆ ಅದು ಕೇಳಿಸಲಿಲ್ಲ. ಅವನಾಗಲೇ ಮಂಜಿನೊಳಗೆ ನಡೆದುಹೋಗಿದ್ದ.

*

ಮಂಗಳವಾರ ರಾಮನಗರದಿಂದ ವಾಸಿಂ ಬಂದ. ಮನೆಯ ಮುಂದಿನ ಕೋಣೆಯಲ್ಲಿ ಭಾನುಪ್ರಿಯ ನಡೆಸುತ್ತಿದ್ದ ‘ಭಾನು ಜೆರಾಕ್ಸ್ ಮತ್ತು ಡಿಟಿಪಿ’ ಅಂಗಡಿಯ ಕಂಪ್ಯೂಟರಿಗೆ ಜ್ವರ ಬಂದರೂ ನೆಗಡಿ ಬಂದರೂ ಅವನೇ ವೈದ್ಯ. ಮನೋಹರನ ಬೇಡಿಕೆಯನ್ನು ಪೂರ್ತಿ ಕೇಳಿ, ಕಾಫಿ ಲೋಟ ಕೆಳಗಿಟ್ಟ.

“ಸಾರ್, ಮನೇಲಿ ನಿಘಂಟು ನೋಡೋರು ಎಷ್ಟು ಜನ?”

“ನಾನು.”

“ನೀವು, ಆಮೇಲೆ?”

“ಆಮೇಲೂ ನಾನೇ.”

“ಒಬ್ರಿಗೆ ಸರ್ವರ್ ಯಾಕೆ ಸಾರ್? ಹತ್ತು ಕಂಪ್ಯೂಟರ್ ಇದ್ದು, ಹತ್ತೂ ಜನ ಅರ್ಥ ಕೇಳ್ತಾ ಇದ್ರೆ ಮಧ್ಯದಲ್ಲಿ ಒಂದು ಸರ್ವರ್ ಇಡಬೇಕು. ಸ್ಕೂಲಿಗೆ ಸರಿ, ಲೈಬ್ರರಿಗೆ ಸರಿ, ಅನುವಾದ ಮಾಡೋ ಆಫೀಸಿಗೆ ಸರಿ. ನಿಮಗೆ ಫೋನಲ್ಲೇ ಒಂದು ನಿಘಂಟು ಇಳಿಸಿ ಕೊಡ್ತೀನಿ. ಅದಕ್ಕೂ ನೆಟ್ ಬೇಡ. ಒಂದು ಲೋಟ ಹಾಲಿಗೆ ಯಾರಾದ್ರೂ ಡೇರಿ ಕಟ್ಟಿಸ್ತಾರಾ?”

“ಡೇರಿ ಇದ್ರೆ ಮೊಸರೂ ಸಿಗುತ್ತೆ, ಬೆಣ್ಣೇನೂ ಸಿಗುತ್ತೆ!” ಎಂದ ಮನೋಹರ.

“ಸಗಣಿ ಬಾಚೋರು ಯಾರು ಅಂತ ಕೇಳು ವಾಸಿಂ,” ಎಂದು ಒಳಗಿನಿಂದ ಭಾನುಪ್ರಿಯಳ ದನಿ ಬಂತು.

ವಾಸಿಂ ನಿಟ್ಟುಸಿರಿಟ್ಟು ಕೂತ. ದಿನವಿಡೀ ಚಾಲೂ ಇರುವುದು ಅಂಗಡಿಯ ಕಂಪ್ಯೂಟರ್ ಒಂದೇ ಆದ್ದರಿಂದ ಅದರಲ್ಲೇ ಸರ್ವರಿನ ಪ್ರತಿಷ್ಠಾಪನೆಯಾಯಿತು. ನಾಲ್ಕು ನಿಘಂಟು ತುಂಬಿಸಿದ. ಭಾನುಪ್ರಿಯ ಕನ್ನಡ ಟೈಪು ಮಾಡುವ ತಂತ್ರಾಂಶಕ್ಕೂ ಅದಕ್ಕೂ ಗಂಟು ಹಾಕಿದ. ಎಲ್ಲ ಮುಗಿಸಿ, ಪರದೆಯ ಮೂಲೆಯಲ್ಲಿದ್ದ ಒಂದು ಪುಟ್ಟ ಚೌಕವನ್ನು ತೋರಿಸಿದ. ಅದರ ಪಕ್ಕ ಬರೆದಿತ್ತು: ‘ನಿಘಂಟಿನಲ್ಲಿ ಇಲ್ಲದ ಪದ ಬಂದರೆ ಹತ್ತಿರದ ಪದ ಹಾಕು.’

“ಸಾರ್, ಏನು ಬೇಕಾದ್ರೂ ಮುಟ್ಟಿ. ಇದಕ್ಕೆ ಮಾತ್ರ ಗುರುತು ಹಾಕ್ಬೇಡಿ.”

“ಛೇ ಛೇ,” ಎಂದ ಮನೋಹರ.

ಮುಂದಿನ ಹತ್ತು ಹನ್ನೆರಡು ದಿನ ಅವನಿಗೆ ನೆಲದ ಮೇಲೆ ಕಾಲಿರಲಿಲ್ಲ. ಡ್ಯೂಟಿ ಮುಗಿಸಿ ಬಂದವನೇ ಕಂಪ್ಯೂಟರಿನ ಮುಂದೆ ಕೂರುವನು. ‘ಮಂಜು’ ಎಂದು ಬರೆದರೆ ಇಬ್ಬನಿ, ಹಿಮ, ಕಾವಳ ಎಂದು ಒಂದರ ಹಿಂದೊಂದು ಪದ ತೇಲಿಬರುವುದು. ‘ಕಾವಳ’ ಎಂದು ಬರೆದರೆ ಕತ್ತಲು, ಮಬ್ಬು, ಮುಸುಕು. ಆ ಮುಸುಕಿನೊಳಗೆ ಮನೋಹರ ಮೆಲ್ಲಗೆ ಇಳಿಯುವನು. ಫ್ಯಾನಿನ ಗುಂಯ್ ಸದ್ದು, ಕಿಟಕಿಯಾಚೆ ತೆಂಗಿನ ಗರಿಯ ಸರಸರ, ಎದುರಿಗೆ ತೆಳ್ಳಗಿನ ನೀಲಿ ಬೆಳಕು. ಯಾವುದೋ ಕಾಲದಲ್ಲಿ ಅಜ್ಜಿ ಆಡಿದ್ದ ಮಾತು, ಯಾವುದೋ ಸಂತೆಯಲ್ಲಿ ಕೇಳಿದ ಕೂಗು, ಒಂದೊಂದೂ ಬಂದು ಪಕ್ಕದಲ್ಲಿ ಕೂತು ಹೋದ ಹಾಗೆ ಅನ್ನಿಸುತ್ತಿತ್ತು. ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದವರು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು.

“ರೀ, ಮುಸುಕು ತೆಗೆದು ಒಂದು ಜೆರಾಕ್ಸ್ ತೆಕ್ಕೊಡಿ,” ಎನ್ನುವಳು ಭಾನುಪ್ರಿಯ.

*

ಆಗ ಬಂದವನು ಕರಿಯಪ್ಪ. ಭಾನುಪ್ರಿಯಳ ಅಣ್ಣ, ಕೈಲಾಂಚದಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವನು. ಅವನ ಮಗಳು ರಮ್ಯಾಳಿಗೆ ಮರಳವಾಡಿಯ ಬಸವಯ್ಯನವರ ಮಗ ದೇವರಾಜನ ಜೊತೆ ಮದುವೆ ಗೊತ್ತಾಗಿತ್ತು. ಗೆರೆ ಹಾಳೆಯ ಮೇಲೆ ಎರಡು ಪುಟ ಬರೆದುಕೊಂಡು ಬಂದಿದ್ದ.

“ರಮ್ಯನ್ ಲಗ್ನಪತ್ರಿಕೆ ಬ್ಯಾರೆ ಯಾರ್ ಕೈಲೂ ಮಾಡ್ಸಾಕಿಲ್ಲ ಕಣವ್ವ. ನೀನೇ ಮಾಡ್ಕೊಡು. ಒಂದ್ ಅಕ್ಸರ ಹೆಚ್ಕಮ್ಮಿ ಆಗ್ಬಾರ್ದು. ಬೀಗ್ರು ಒಸಿ ಶಾಸ್ತ್ರ ಸಂಪ್ರದಾಯದ ಜನ.”

ಭಾನುಪ್ರಿಯ ಒಂದಿಡೀ ದಿನ ಕೂತು ಟೈಪು ಮಾಡಿದಳು. ಎರಡು ಸಲ ಓದಿದಳು. ಮೂರನೆಯ ಸಲ ಅಣ್ಣನಿಗೆ ಫೋನಿನಲ್ಲೇ ಓದಿ ಹೇಳಿದಳು. ಮರುದಿನ ಅವಳಿಗೆ ಹೆಂಗಸರ ಸಂಘದ ಸಭೆಯಿತ್ತು; ಮನೋಹರನಿಗೆ ವಾರದ ರಜೆ.

“ರೀ, ಪತ್ರಿಕೆ ರೆಡಿ ಇದೆ. ಹನ್ನೊಂದು ಗಂಟೆಗೆ ಪ್ರೆಸ್ಸಿನವರು ಫೋನ್ ಮಾಡ್ತಾರೆ. ಆಗ ಈ ಗುಂಡಿ ಒತ್ತಿ ಕಳಿಸಿ. ಬೇರೆ ಏನೂ ಮಾಡ್ಬೇಡಿ. ಏನೂ ಅಂದ್ರೆ ಏನೂ!”

“ನಾನೇನು ಮಗುವಾ?” ಎಂದ ಮನೋಹರ.

ಹನ್ನೊಂದಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಬಿಸಿಲು ಕಿಟಕಿಯಿಂದ ಇಳಿದು ಕೀಲಿಮಣೆಯ ಮೇಲೆ ಬೆಕ್ಕಿನ ಹಾಗೆ ಮಲಗಿತ್ತು. ಮನೋಹರ ಪತ್ರಿಕೆಯನ್ನು ನೋಡುತ್ತಾ ಕೂತ. ನೋಡುತ್ತಾ ನೋಡುತ್ತಾ ಮದುವೆಯ ಛತ್ರ ಕಣ್ಣಮುಂದೆ ಬಂತು. ಜರಿಪೇಟದ ಹಿರಿಯರೊಬ್ಬರು ಕನ್ನಡಕ ಏರಿಸಿ ಪತ್ರಿಕೆ ಓದುತ್ತಿದ್ದಾರೆ. “ಆಹಾ! ಒಂದೂ ತಪ್ಪಿಲ್ಲ! ಯಾರಪ್ಪ ಇದನ್ನು ತಿದ್ದಿದವರು?” ಎನ್ನುತ್ತಿದ್ದಾರೆ. ಎಲ್ಲರ ತಲೆಯೂ ನಿಧಾನವಾಗಿ ಮನೋಹರನ ಕಡೆ ತಿರುಗುತ್ತಿದೆ. ಓಲಗದವರು ಊದುವುದನ್ನು ನಿಲ್ಲಿಸಿದ್ದಾರೆ. ಯಾರೋ ಶಾಲು ತರುತ್ತಿದ್ದಾರೆ...

ಸೋದರತ್ತೆಯ ಗಂಡನಾಗಿ, ಮನೆಯಲ್ಲಿ ನಾಲ್ಕು ನಿಘಂಟಿನ ಸರ್ವರ್ ಇಟ್ಟುಕೊಂಡು, ರಮ್ಯಾಳ ಪತ್ರಿಕೆಯನ್ನು ಒಂದು ಸಲ ಅದರ ಕಣ್ಣಿಗೆ ಬೀಳಿಸದಿದ್ದರೆ ಹೇಗೆ?

ಆ ಪುಟ್ಟ ಚೌಕ ಅವನನ್ನೇ ನೋಡುತ್ತಿತ್ತು. ಮನೋಹರ ಗುರುತು ಹಾಕಿದ.

ಕಂಪ್ಯೂಟರ್ ಒಂದು ಗಳಿಗೆ ಉಸಿರು ಬಿಗಿಹಿಡಿಯಿತು. ಆಮೇಲೆ ಪರದೆಯ ಮೇಲೆ ಬಂತು: ‘ಏಳು ಗೊತ್ತಿಲ್ಲದ ಪದಗಳನ್ನು ತಿದ್ದಲಾಗಿದೆ.’

ಏಳು! ಮನೋಹರನ ಮೈ ಜುಮ್ಮೆಂದಿತು. ಡಿಗ್ರಿ ಮಾಡಿದ ಹೆಂಡತಿ ಮೂರು ಸಲ ಓದಿಯೂ ಏಳು ತಪ್ಪು! ಏನವು ಎಂದು ನೋಡಬೇಕೆನ್ನುವಷ್ಟರಲ್ಲಿ ಪ್ರೆಸ್ಸಿನ ಫೋನು ಬಂತು. ಅವನು ಗುಂಡಿ ಒತ್ತಿದ. ಚೌಕದ ಗುರುತು ತೆಗೆದ. ಹೋಗಿ ಜಗಲಿಯ ಮೇಲೆ ಕೂತು, ಅರ್ಧಕ್ಕೆ ಬಿಟ್ಟಿದ್ದ ಶಾಲನ್ನು ಹೊದ್ದುಕೊಂಡ.

*

ರಾಮನಗರದ ಪ್ರೆಸ್ಸು ಕೈಲಾಂಚಕ್ಕೆ ಹತ್ತಿರ. ಕರಿಯಪ್ಪ ಬೈಕಿನಲ್ಲಿ ಹೋಗಿ ಆರುನೂರು ಪತ್ರಿಕೆಗಳನ್ನು ತಾನೇ ತಂದ. ಮೇಲಿದ್ದ ಗಣೇಶನನ್ನು ಕಣ್ಣಿಗೊತ್ತಿಕೊಂಡ. ಓದಲಿಲ್ಲ. “ಬರ್ದಿರಾನೇ ನಾನು, ಓದಾದೇನು?” ಎಂಬುದು ಅವನ ವಾದ. ಮೊದಲನೆಯದನ್ನು ಮನೆದೇವರ ಮುಂದಿಟ್ಟ. ಎರಡನೆಯದನ್ನು ಹಣ್ಣು, ಕಾಯಿ, ಅರಿಶಿನ, ಕುಂಕುಮದ ಜೊತೆ ಮರಳವಾಡಿಯ ಬೀಗರಿಗೆ ಕೊಟ್ಟು ಬಂದ. ಉಳಿದವನ್ನು ಊರೂರು ಹಂಚತೊಡಗಿದ.

ನಾಲ್ಕನೆಯ ದಿನ ಮಧ್ಯಾಹ್ನ, ಮನೋಹರ ಊಟಕ್ಕೆಂದು ಮನೆಗೆ ಬಂದಿದ್ದಾಗ, ಬೈಕು ಬಾಗಿಲಲ್ಲಿ ನಿಂತಿತು. ಕರಿಯಪ್ಪ ಒಳಗೆ ಬಂದ. ನೀರು ಕೇಳಲಿಲ್ಲ. ಕೂರಲಿಲ್ಲ. ಒಂದು ಪತ್ರಿಕೆ ತೆಗೆದು ತಂಗಿಯ ಕೈಗಿಟ್ಟ.

“ಇದ್ನ ಒಸಿ ಜೋರಾಗಿ ಓದವ್ವ.”

ಭಾನುಪ್ರಿಯ ನಗುಮುಖದಿಂದಲೇ ಶುರುಮಾಡಿದಳು. “ಶ್ರೀಮತಿ ಮುನಿಸು ಮತ್ತು ಶ್ರೀ ಕರಿಗಡುಬು...”

ನಗು ನಿಂತಿತು.

“ಓದು, ಓದು. ನಿಮ್ಮತ್ಗೆ ಮುನಿಯಮ್ಮ ಮುನಿಸು ಆಗವ್ಳೆ. ಕರಿಯಪ್ಪ ಅನ್ನೋ ನಾನು ಕರಿಗಡುಬು ಆಗಿವ್ನಿ. ಎಣ್ಣೇಲಿ ಬುಡಾದೊಂದು ಬಾಕಿ!”

“ಕೈಲಂಚ ಹೋಬಳಿ...” ಭಾನುಪ್ರಿಯಳ ದನಿ ಸಣ್ಣಗಾಯಿತು. “ಅಯ್ಯಯ್ಯೋ, ಲಾಂಚ ಹೋಗಿ ಲಂಚ ಆಗಿದೆ! ಇವರ ಪುತ್ರಿ ರಮ್ಯಾಳ ವಿವಾಹವು... ಮರಳುಗಾಡಿನ ವಾಸಿ ಶ್ರೀ ಬಸವಳಿಯವರ ಪುತ್ರ ಚಿರಂಜೀವಿ ದೇವದಾರು...”

“ಮರಳವಾಡಿ ಮರಳುಗಾಡಾಯ್ತು. ಬಸವಯ್ಯ ಬಸವಳಿದ್ರು. ಅಳಿಯ ಮರ ಆದ!” ಕರಿಯಪ್ಪ ಕೆಳಗಿನ ಸಾಲಿಗೆ ಬೆರಳಿಟ್ಟ. “ಬೀಗರೂಟದ್ದೂ ಓದು.”

“ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ... ಬೀಗಮುದ್ರೆ ಏರ್ಪಡಿಸಲಾಗಿದೆ.”

“ಛತ್ರದ ಓನರ್ ಬೆಳಗಿಂದ ಎಂಟ್ ಸಲ ಫೋನ್ ಮಾಡವ್ನೆ. ಯಾವ್ ಇಲಾಖೆಯೋರು ಬಂದು ಬೀಗ ಜಡೀತಾರೆ ಅಂತ ಕೇಳ್ತಾವ್ನೆ!”

ಭಾನುಪ್ರಿಯ ಕೊನೆಯ ಸಾಲಿಗೆ ಬಂದಳು. “ಸರ್ವರಿಗೂ ಆದರದ ಸುಸ್ವಾಗತ.” ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು. “ಇಷ್ಟೊಂದು ಹೆಸರು ಕೆಡಿಸಿ ಈ ಸಾಲು ಮಾತ್ರ ಬಿಟ್ಟಿದೆ. ತನ್ನ ಹೆಸರಿದೆ ಅಂತ ಬಿಟ್ಟಿರ್ಬೇಕು ನಿಮ್ಮ ಸರ್ವರು!”

ಮನೋಹರನ ಬಾಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

“ಒಂದೇ ಒಂದು ಗುರುತು ಹಾಕಿದೆ ಭಾನು...”

ನಗುವ ವಿಷಯವಾಗಿದ್ದರೆ ನಕ್ಕು ಮುಗಿಸಬಹುದಿತ್ತು. ಮರಳವಾಡಿಯಲ್ಲಿ ಯಾರೂ ನಗುತ್ತಿರಲಿಲ್ಲ. ಪತ್ರಿಕೆ ಓದಿದ ಹಿರಿಯರೊಬ್ಬರು, “ಹುಡುಗಿಗೆ ಕುಜದೋಷ ಇದ್ರೆ ಮೊದಲು ಮರಕ್ಕೆ ಕೊಟ್ಟು ಮದುವೆ ಮಾಡ್ತಾರೆ. ಆ ಶಾಸ್ತ್ರದ ಪತ್ರಿಕೆ ಕೈತಪ್ಪಿ ನಮಗೆ ಬಂದಿದೆ,” ಎಂದು ಹೇಳಿಬಿಟ್ಟಿದ್ದರು. ದೋಷ ಮುಚ್ಚಿಟ್ಟು ಹೆಣ್ಣು ಕೊಡುತ್ತಿದ್ದೀರಾ ಎಂದು ಬಸವಯ್ಯ ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದರು.

“ನಾಳೆ ಒಳ್ಗೆ ಸರಿಯಾದ ಉತ್ರ ಬರ್ನಿಲ್ಲ ಅಂದ್ರೆ ಮದ್ವೆ ಬ್ಯಾಡ ಅಂತಾವ್ರೆ ಭಾವ,” ಎಂದ ಕರಿಯಪ್ಪ. ಹೊಲದಲ್ಲಿ ಗದರಿದರೆ ನಾಲ್ಕು ಗದ್ದೆ ಆಚೆಗೆ ಕೇಳಿಸುವ ಮನುಷ್ಯ ಅಂದು ಪಿಸುಮಾತಿನಲ್ಲಿ ಹೇಳಿದ. “ನಿಮ್ಮತ್ಗೆ ಬೆಳಗಿಂದ ಮಾತಾಡ್ತಿಲ್ಲ. ಪತ್ರಿಕೇಲಿರಾದ್ನ ನಿಜ ಮಾಡ್ಬುಟ್ಲು.”

ಮನೋಹರ ಕೈ ತೊಳೆದ. ತನ್ನ ಪರವಾಗಿ ಏನಾದರೂ ಸಾಕ್ಷಿ ಇದ್ದೀತೆಂದು ಫೋನಿನಲ್ಲಿ ಆ ಲೇಖನ ತೆಗೆದು ಹೆಂಡತಿಗೆ ತೋರಿಸಿದ. “ನೋಡು, ತಿಳಿದವರೇ ಬರೆದಿದ್ದಾರೆ.”

ಭಾನುಪ್ರಿಯ ಬೆರಳಿನಿಂದ ಕೆಳಗೆ ಸರಿಸಿ, ‘ಆದರೆ’ಯಿಂದ ಓದಿದಳು. “ಆದರೆ ಒಬ್ಬರೇ ಬಳಸುವ ಮನೆಯ ಕಂಪ್ಯೂಟರಿಗೆ ಇದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಊರು ಮತ್ತು ಜನರ ಹೆಸರುಗಳು ನಿಘಂಟಿನಲ್ಲಿ ಇರುವುದಿಲ್ಲವಾದ್ದರಿಂದ ತಾನಾಗಿ ತಿದ್ದುವ ಸೌಲಭ್ಯವನ್ನು ದಯವಿಟ್ಟು ಬಳಸಬೇಡಿ.” ಫೋನನ್ನು ಅವನ ಕೈಗೆ ವಾಪಸ್ಸು ಕೊಟ್ಟಳು. “ದಯವಿಟ್ಟು ಅಂತಾನೂ ಹಾಕಿದ್ದಾರಲ್ರೀ!”

*

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಮನೋಹರ ಹೊರಟ. ರಾಮನಗರದಲ್ಲಿ ಕರಿಯಪ್ಪ ಜೊತೆಯಾದ. ಕನಕಪುರದಲ್ಲಿ ಬಸ್ಸು ಬದಲಿಸಿದರು. ಭಾನುಪ್ರಿಯ ಹೊಸ ಪತ್ರಿಕೆ ಸಿದ್ಧಮಾಡಲು ಮನೆಯಲ್ಲೇ ಉಳಿದಿದ್ದಳು.

ಕಿಟಕಿಯಾಚೆ ಬಂಡೆಗಳು ಒಂದರ ಬೆನ್ನಿಗೊಂದು ಒರಗಿ, ಬಿಸಿಲು ಬರಲೆಂದು ಕಾಯುತ್ತಿದ್ದವು. ರಾಗಿ ಹೊಲಗಳ ಮೇಲೆ ಕಾವಳ ಹಾಲಿನ ಕೆನೆಯಂತೆ ನಿಂತಿತ್ತು. ಬೇರೆ ದಿನವಾಗಿದ್ದರೆ ಮನೋಹರ ಆ ಕೆನೆಯೊಳಗೆ ಹೋಗಿಬಿಡುತ್ತಿದ್ದ. ಇಂದು ರಮ್ಯಾಳ ಮುಖ ಅಡ್ಡ ಬರುತ್ತಿತ್ತು. ಐದು ವರ್ಷದವಳಿದ್ದಾಗ ಬಸ್ ನಿಲ್ದಾಣಕ್ಕೆ ಬಂದು, ಮಾವನ ಮೈಕಿನಲ್ಲಿ “ಚನ್ನಪಟ್ಟಣ, ಚನ್ನಪಟ್ಟಣ” ಎಂದು ಕೂಗಿದ್ದ ಹುಡುಗಿ. ಒಂದು ಗುರುತು ಹಾಕಿ ಆ ಮಗುವಿನ ಮದುವೆ ಮುರಿದೆನೆಂದರೆ ಇನ್ನು ಯಾವ ಪದ ತಾನೇ ಬಾಯಿಗೆ ರುಚಿಸೀತು?

ಬಸವಯ್ಯ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಪಕ್ಕದಲ್ಲಿ ನಾಲ್ಕು ಜನ ಹಿರಿಯರು. ಹೆಂಡತಿ ನಾಗಲಕ್ಷ್ಮಮ್ಮ ಬಾಗಿಲ ಹಿಂದೆ. ಮಗ ದೇವರಾಜ್ ಕಂಬದ ಹತ್ತಿರ ನಿಂತು ಫೋನು ನೋಡುತ್ತಿದ್ದ.

ಮನೋಹರ ಕೈಮುಗಿದ. “ಬೀಗ್ರೇ, ದೋಷ ಏನಾದ್ರೂ ಇದ್ರೆ ನನ್ನಲ್ಲಿದೆ, ಹುಡುಗೀಲಿ ಇಲ್ಲ. ಇದೆಲ್ಲ ಸರ್ವರಿಂದ ಆದ ತಪ್ಪು.”

ಬಸವಯ್ಯ ಹುಬ್ಬು ಗಂಟಿಕ್ಕಿದರು. “ಸರ್ವರು! ಪೆನ್ಸನ್ ಬರ್ನಿಲ್ಲ ಅಂದ್ರೂ ಸರ್ವರು, ಜಮೀನ್ ಪೋಡಿ ಆಗ್ನಿಲ್ಲ ಅಂದ್ರೂ ಸರ್ವರು. ತಪ್ಪು ಯಾರೇ ಮಾಡ್ಲಿ, ಬಯ್ಸ್ಕೊಳಾದು ಮಾತ್ರ ಅದು. ನೀವೂ ಅದ್ರ್ ತಲೆ ಮ್ಯಾಲೇ ಹಾಕ್ತೀರಾ?”

“ಇದು ನಮ್ಮನೇಲೇ ಇರೋ ಸರ್ವರ್ ಸ್ವಾಮಿ. ನಾನೇ ಇಡಿಸಿದ್ದು.”

“ಹಂಗಾದ್ರೆ ತೋರ್ಸಿ.”

ತೋರಿಸುವುದು ಹೇಗೆ? ಆ ಸರ್ವರ್ ಮಾಗಡಿಯ ಮನೆಯ ನಾಲ್ಕು ಗೋಡೆಯೊಳಗೆ ಮಾತ್ರ ಉತ್ತರ ಕೊಡುವಂಥದ್ದು. ಮರಳವಾಡಿಯಿಂದ ಎಷ್ಟು ಕೂಗಿದರೂ ಅದಕ್ಕೆ ಕೇಳಿಸದು. ಯಾರ ಬಾಗಿಲೂ ತಟ್ಟುವುದಿಲ್ಲವೆಂದು ಶಪಥ ಮಾಡಿದವನು ಇಂಟರ್ನೆಟ್ಟಿನ ಬಾಗಿಲನ್ನೇ ತಟ್ಟಿ, ಹೆಂಡತಿಗೆ ವಿಡಿಯೋ ಕರೆ ಮಾಡಿದ.

“ಭಾನು, ಆ ಚೌಕಕ್ಕೆ ಗುರುತು ಹಾಕು. ಬೀಗರ ಹೆಸರು ಬರಿ. ಫೋನನ್ನ ಪರದೆ ಕಡೆ ಹಿಡಿ.”

ಎಲ್ಲರೂ ಫೋನಿಗೆ ಮುಖವಿಟ್ಟರು. ಪರದೆಯ ಮೇಲೆ ‘ಬಸವಯ್ಯ’ ಎಂದು ಮೂಡಿತು. ಒಂದು ಗಳಿಗೆ ನಿಂತಿತು. ಆಮೇಲೆ, ಯಾರೂ ಮುಟ್ಟದೆ, ‘ಬಸವಳಿ’ ಆಯಿತು.

“ಎಲಾ ಇದರ!” ಎಂದರು ಹಿರಿಯರೊಬ್ಬರು.

ದೇವರಾಜ್ ದೇವದಾರುವಾದ. ಮರಳವಾಡಿ ಮರಳುಗಾಡಾಯಿತು. ಬಸವಯ್ಯನವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. “ಪತ್ರಿಕೇಲಿ ಇಲ್ದಿರಾ ಹೆಸ್ರು ಹಾಕವ್ವ. ನಮ್ಮನೆಯೋಳ್ದು ಹಾಕು, ನಾಗಲಕ್ಷ್ಮಮ್ಮ ಅಂತ.”

ಭಾನುಪ್ರಿಯ ಬರೆದಳು. ಸರ್ವರ್ ಈ ಸಲ ಒಂದಿಷ್ಟು ಹೆಚ್ಚು ಹೊತ್ತು ಯೋಚಿಸಿತು. ಆಮೇಲೆ ಪರದೆಯ ಮೇಲೆ ಬಂತು: ‘ನಾಗರಹಾವು.’

ಮನೋಹರ ಕಣ್ಣು ಮುಚ್ಚಿಕೊಂಡ. ಮದುವೆ ಈಗ ಖಂಡಿತ ಮುರಿಯಿತು!

ಮೊದಲು ಕೇಳಿಸಿದ್ದು ಬಸವಯ್ಯನವರ ಹೊಟ್ಟೆಯೊಳಗಿನಿಂದ ಬಂದ ಗುಡುಗು. ಆ ಗುಡುಗು ಗಂಟಲಿಗೆ ಬಂತು, ಭುಜಕ್ಕೆ ಬಂತು, ಕಣ್ಣಲ್ಲಿ ನೀರಾಗಿ ಇಳಿಯಿತು. “ಮೂವತ್ತೊಂದ್ ವರ್ಸದಿಂದ ಈ ಮಾತ್ನ ನಾನ್ ಹೊಟ್ಟೇಲಿ ಮಡಿಕ್ಕಂಡಿದ್ದೆ ಬೀಗ್ರೇ! ಒಂದ್ ಗಳಿಗೇಲಿ ಹೇಳ್ಬುಡ್ತಲ್ಲ ನಿಮ್ ಮಿಸನ್ನು!”

ನಾಗಲಕ್ಷ್ಮಮ್ಮ ಬಾಗಿಲ ಹಿಂದಿನಿಂದ ಈಚೆಗೆ ಬಂದರು. “ನಗ್ರಿ, ನಗ್ರಿ. ನಿಮಗೆ ಬಸವಳಿ ಅಂತ ಬಂದಿದ್ದೂ ಸುಮ್ಕೆ ಅಲ್ಲ ಕಣ್ ಬುಡಿ. ಒಂದ್ ಗಳಿಗೆ ಹೊಲಕ್ಕೋದ್ರೆ ಮೂರ್ ಗಳಿಗೆ ಮಲಗ್ತೀರಿ!”

ಈಗ ಹಿರಿಯರೂ ನಕ್ಕರು. ಕರಿಯಪ್ಪ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದ. ದೇವರಾಜ್ ಮೆಲ್ಲಗೆ ಹತ್ತಿರ ಬಂದು, ತನ್ನ ಫೋನನ್ನು ಅಪ್ಪನಿಗೆ ತೋರಿಸಿದ. ರಮ್ಯಾಳ ಸಂದೇಶ ಇತ್ತು: “ಏನ್ ಮರವೇ, ಊಟ ಆಯ್ತಾ?” ಅದರ ಹಿಂದಿನ ದಿನದ್ದು: “ಅತ್ತೆ ಇವತ್ತು ಮರಕ್ಕೆ ನೀರು ಹಾಕಿದ್ರಾ?”

“ಎರಡು ದಿನದಿಂದ ಹಿಂಗೇ ಕರೀತಾವ್ಳೆ ಅಪ್ಪ,” ಎಂದ ದೇವರಾಜ್, ಕಿವಿ ಕೆಂಪಗೆ ಮಾಡಿಕೊಂಡು. “ನೀವು ಕೋಪದಲ್ಲಿದ್ರಿ ಅಂತ ಹೇಳ್ನಿಲ್ಲ.”

“ಥೂ ನಿನ್ನ! ಇದ್ನ ಮೊದ್ಲೇ ಬೊಗಳಕ್ಕೆ ಏನಾಗಿತ್ಲಾ?” ಎಂದರು ಬಸವಯ್ಯ. ನಾಗಲಕ್ಷ್ಮಮ್ಮ ಒಳಗೆ ಹೋಗಿ ಎಲ್ಲರಿಗೂ ಊಟಕ್ಕೆ ಎಲೆ ಹಾಕಿದರು.

*

ಹೊಸ ಪತ್ರಿಕೆ ಅಚ್ಚಾಯಿತು. ಭಾನುಪ್ರಿಯ ಟೈಪು ಮಾಡಿದಳು. ಮನೋಹರ ಒಂದನೇ ಕ್ಲಾಸಿನ ಹುಡುಗನ ಹಾಗೆ ಪ್ರತಿ ಅಕ್ಷರದ ಕೆಳಗೂ ಬೆರಳಿಟ್ಟು ಐದು ಸಲ ಓದಿದ. ವಿಚಿತ್ರವೆಂದರೆ ಹೊಸ ಪತ್ರಿಕೆ ಯಾರಿಗೂ ಬೇಡವಾಯಿತು. “ಕರಿಗಡುಬು ಇರಾದು ಇದ್ರೆ ಕೊಡಣ್ಣ,” ಎಂದು ಜನ ಕರಿಯಪ್ಪನ ಮನೆಗೆ ಹುಡುಕಿಕೊಂಡು ಬರತೊಡಗಿದರು. ಮದುವೆಗೆ ಆರುನೂರು ಜನ ಬರುವ ಕಡೆ ಒಂಬೈನೂರು ಬಂದರು. ಮರ ಎಂಥದ್ದೆಂದು ನೋಡಲು ಬಂದವರೇ ಅರ್ಧ.

ಬೀಗರೂಟದ ದಿನ ಮನೋಹರ ಪಂಕ್ತಿಯಲ್ಲಿ ಎಲೆಯ ಮುಂದೆ ಕೂರಲು ಹೋದ. ಬಸವಯ್ಯ ದೂರದಿಂದ ಕೈಯೆತ್ತಿ ಕೂಗಿದರು: “ಏಯ್ ಸರ್ವರ್! ಇಲ್ಲಿ ಮುದ್ದೆ ತಗೊಂಬಾ!” ಇಡೀ ಛತ್ರ ಹೋ ಎಂದಿತು. ಅಂದು ಮನೋಹರ ಸೊಂಟಕ್ಕೆ ಟವೆಲ್ಲು ಸುತ್ತಿ ನಾಲ್ಕು ಪಂಕ್ತಿಗೆ ಮುದ್ದೆ ಬಡಿಸಿದ. ಮುನಿಯಮ್ಮ ಕೂಡ ನಕ್ಕು ಎರಡನೆಯ ಸಲ ಸಾರು ಹಾಕಿಸಿಕೊಂಡಳು.

ಮದುವೆಯ ಗಲಾಟೆಯೆಲ್ಲ ಮುಗಿದ ಮೇಲೆ, ಒಂದು ಸಂಜೆ, ಸರ್ವರ್ ತೆಗೆಯಲು ವಾಸಿಂ ಬಂದ. ಬಿಸಿಲು ಸಾವನದುರ್ಗದ ನೆತ್ತಿಯಿಂದ ಇಳಿಯುತ್ತಿತ್ತು. ಅಂಗಡಿಯೊಳಗೆ ಜೇನುಬಣ್ಣದ ಬೆಳಕು. ಮನೋಹರ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಕಂಪ್ಯೂಟರಿನ ಪಕ್ಕ ನಿಂತಿದ್ದ.

“ತೆಗೆಯೋಕೆ ಮುಂಚೆ ಎಷ್ಟು ಉಪಯೋಗ ಆಯ್ತು ಅಂತ ನೋಡೋಣ ಸಾರ್,” ಎಂದ ವಾಸಿಂ. “ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ಹುಡುಕಿದ್ರು ಅಂತ ಇದು ಬರೆದಿಟ್ಕೊಂಡಿರುತ್ತೆ.”

ಪಟ್ಟಿ ತೆರೆದುಕೊಂಡಿತು. ಮಂಜು, ಕಾವಳ, ಮುಸುಕು, ಜೊಂಪು... ಎಲ್ಲ ಮನೋಹರನವೇ. ಆದರೆ ನಡುನಡುವೆ ಇನ್ನೊಂದು ಪದವಿತ್ತು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ, ಮನೋಹರ ಡ್ಯೂಟಿಗೆ ಹೋದ ಮೇಲೆ, ತಪ್ಪದೆ ಯಾರೋ ಒಂದೇ ಪದ ಹುಡುಕಿದ್ದರು. ಹತ್ತೊಂಬತ್ತು ಸಲ.

‘ಗಂಡ.’

ಮನೋಹರನ ಎದೆಯೊಳಗೆ ಏನೋ ಮೆತ್ತಗೆ ಕರಗಿತು. ಕಣ್ಣಮುಂದೆ ಒಂದು ಚಿತ್ರ ಬಂತು: ಖಾಲಿ ಅಂಗಡಿ, ಬೆಳಗಿನ ಎಳೆಬಿಸಿಲು, ಒಬ್ಬಳೇ ಕೂತ ಭಾನುಪ್ರಿಯ, ಅವನ ನೆನಪಾಗಿ ಆ ಎರಡಕ್ಷರವನ್ನು ಬರೆಯುತ್ತಿರುವ ಬೆರಳು. ಇಷ್ಟು ವರ್ಷ ಬಾಯಿಬಿಟ್ಟು ಹೇಳದೇ ಇದ್ದದ್ದು!

“ಭಾನೂ...” ಅವನ ದನಿ ಹದವಾಗಿ ನಡುಗಿತು. “ನಾನು ಹೋದ ಮೇಲೆ ದಿನಾ ನನ್ನೇ ನೆನೀತಿದ್ಯಾ?”

ಭಾನುಪ್ರಿಯ ಜೆರಾಕ್ಸ್ ಹಾಳೆಗಳನ್ನು ಸರಿಯಾಗಿ ಜೋಡಿಸುತ್ತಿದ್ದಳು. ವಾಸಿಂ ಕುತೂಹಲ ತಾಳಲಾರದೆ ಆ ಪದವನ್ನು ಒತ್ತಿ, ಅರ್ಥವನ್ನು ಜೋರಾಗಿ ಓದಿದ.

“ಗಂಡ. ಒಂದು, ಪತಿ. ಎರಡು, ಶೂರ. ಮೂರು, ಕಂಟಕ, ಆಪತ್ತು.”

“ಒಂದ್ಸಲ ನೋಡಿದ್ರೆ ಗೊತ್ತಾಗ್ತಿತ್ತಲ್ಲ ಭಾನು,” ಎಂದ ಮನೋಹರ, ಇನ್ನೂ ಆ ಎಳೆಬಿಸಿಲಿನಲ್ಲೇ ನಿಂತು. “ಹತ್ತೊಂಬತ್ತು ಸಲ ಯಾಕೆ?”

“ಮೊದಲನೇದೂ ಮೂರನೇದೂ ಮನೇಲೇ ಇದೆ ರೀ,” ಎಂದಳು ಭಾನುಪ್ರಿಯ. “ಆ ಎರಡನೇದು ಎಲ್ಲಿದೆ ಅಂತ ದಿನಾ ಹುಡುಕ್ತಿದ್ದೆ!”